ಕಡಲಿನ ಕಣಜಗಳು

(ಬಾನುಲಿ ಭಾಷಣ)

ಇರುವೆಯೊಂದು ಸೊಂಡಿಲನ್ನು ಹೊಕ್ಕರೆ ಆನೆ ಉಳಿಯದು ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಇದೆ. ಪ್ರಾಣಿಶಾಸ್ತ್ರಜ್ಞರು ಇದನ್ನು ಒಪ್ಪುವರೋ ಇಲ್ಲವೋ, ಅದು ಬೇರೆ ಮಾತು. ನೌಕಾಯುದ್ಧದ ಇತಿಹಾಸವಂತೂ ಕಳೆದ ಒಂದೂವರೆ ಶತಮಾನದಲ್ಲಿ ಇದಕ್ಕೆ ಹಲವು ಸಲ ಸಾಕ್ಷಿ ನುಡಿದಿದೆ. ಇಪ್ಪತ್ತು ಸಾವಿರ ಟನ್ ತೂಕದ ಸಮರನೌಕೆಯನ್ನು ಹದಿನಾರು ಟನ್ನಿನ ದೋಣಿ ಮುಳುಗಿಸಿದ್ದುಂಟು. ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಹಡಗು ತನ್ನನ್ನು ಕೊಂದದ್ದು ಏನೆಂದು ತಿಳಿಯುವ ಮೊದಲೇ ತಳ ಸೇರಿದ್ದುಂಟು. ಅಂಥ ಸಣ್ಣ ದೋಣಿಗಳ ಕಥೆಯನ್ನು, ಅದರಲ್ಲೂ 1971ರ ಡಿಸೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ನಡೆದುದನ್ನು, ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ನನ್ನ ಉದ್ದೇಶ.

ಕಥೆಯ ಮೊದಲು ಒಂದು ಸರಳವಾದ ಪ್ರಶ್ನೆ. ಹಡಗು ದೊಡ್ಡದಾಗುವುದೇಕೆ? ದೊಡ್ಡ ಫಿರಂಗಿಯನ್ನು ಹೊರಬೇಕು; ಅದು ಸಿಡಿದಾಗಿನ ಹಿಮ್ಮೆಟ್ಟನ್ನು ತಾಳಬೇಕು; ಎದುರಾಳಿಯ ಗುಂಡನ್ನು ತಡೆಯಲು ದಪ್ಪನಾದ ಉಕ್ಕಿನ ಕವಚವನ್ನು ತೊಡಬೇಕು; ಈ ಭಾರವನ್ನೆಲ್ಲ ಸಾಗಿಸಲು ಯಂತ್ರ ಬೇಕು, ಯಂತ್ರಕ್ಕೆ ಇಂಧನ ಬೇಕು. ಹೀಗೆ ಒಂದರಿಂದ ಒಂದು ಬೆಳೆದು ಹಡಗು ತೇಲುವ ಕೋಟೆಯಾಗುತ್ತದೆ. ಆದರೆ ಹಿಮ್ಮೆಟ್ಟೇ ಇಲ್ಲದ, ತನ್ನ ಬಲದಿಂದ ತಾನೇ ಚಲಿಸುವ ಆಯುಧವೊಂದು ಹುಟ್ಟಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆ ಆಯುಧವನ್ನು ಒಯ್ದು ಬಿಡಲು ಕೋಟೆ ಬೇಕಿಲ್ಲ, ಒಂದು ದೋಣಿ ಸಾಕು.

ಅಂಥ ಆಯುಧ 1866ರಲ್ಲಿ ಹುಟ್ಟಿತು. ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಫಿಯೂಮೆ ಎಂಬ ಬಂದರಿನಲ್ಲಿ ರಾಬರ್ಟ್ ವೈಟ್‌ಹೆಡ್ ಎಂಬ ಇಂಗ್ಲಿಷ್ ಎಂಜಿನಿಯರು ನೀರಿನೊಳಗೆ ತಾನಾಗಿ ಓಡುವ ಟಾರ್ಪೆಡೊವನ್ನು ನಿರ್ಮಿಸಿದನು. ಹತ್ತು ವರ್ಷ ಕಳೆಯುವಷ್ಟರಲ್ಲಿ ಥೇಮ್ಸ್ ನದಿಯ ದಡದ ಕಾರ್ಖಾನೆಯೊಂದರಲ್ಲಿ ಇದಕ್ಕೆಂದೇ ‘ಲೈಟ್ನಿಂಗ್’ ಎಂಬ ಚಿಕ್ಕ ದೋಣಿ ಸಿದ್ಧವಾಯಿತು. ಹೆಸರಿನ ಅರ್ಥ ಮಿಂಚು. 1878ರ ಜನವರಿಯಲ್ಲಿ, ಕಪ್ಪುಸಮುದ್ರದ ಬಾಟೂಮ್ ಬಂದರಿನ ಬಳಿ, ರಷ್ಯದ ಪುಟ್ಟ ದೋಣಿಗಳು ಟಾರ್ಪೆಡೊ ಬಿಟ್ಟು ತುರ್ಕಿಯ ಹಡಗೊಂದನ್ನು ಮುಳುಗಿಸಿದವು. ದೊಡ್ಡ ನೌಕಾಪಡೆಗಳು ಎಷ್ಟು ಬೆಚ್ಚಿದವೆಂದರೆ, ಈ ದೋಣಿಗಳನ್ನು ಅಟ್ಟಿ ಹೊಡೆಯಲೆಂದೇ ಹೊಸ ಜಾತಿಯ ಹಡಗೊಂದನ್ನು ಕಟ್ಟತೊಡಗಿದವು. ‘ಟಾರ್ಪೆಡೊ ದೋಣಿಯ ವಿಧ್ವಂಸಕ’ ಎಂಬುದು ಅದರ ಮೊದಲ ಹೆಸರು. ಕ್ರಮೇಣ ಹೆಸರಿನ ಪೂರ್ವಾರ್ಧ ಉದುರಿ ‘ವಿಧ್ವಂಸಕ’ ಎಂಬುದಷ್ಟೇ ಉಳಿಯಿತು. ಡೆಸ್ಟ್ರಾಯರ್ ಎಂದು ನಾವು ಪತ್ರಿಕೆಗಳಲ್ಲಿ ಓದುವ ಹಡಗು ಇದೇ. ತನ್ನ ಹುಟ್ಟಿಗೆ ಕಾರಣವಾದ ಭಯವನ್ನು ಈ ಹೆಸರು ಇಂದಿಗೂ ಹೊತ್ತಿದೆ. ಯಾರ ಭಯವೆಂಬುದನ್ನು ಮಾತ್ರ ಮರೆತಿದೆ.

ಬಾಟೂಮಿನ ಆ ದೋಣಿಗಳು ತಾವಾಗಿಯೇ ಸಮುದ್ರವನ್ನು ದಾಟಿ ಬಂದಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಕಾರೊವ್ ಎಂಬ ತರುಣ ಅಧಿಕಾರಿ ಅವುಗಳನ್ನು ಒಂದು ದೊಡ್ಡ ಹಡಗಿನ ಮೇಲೆ ಹೊತ್ತು ತಂದು, ಶತ್ರುವಿನ ಸಮೀಪದಲ್ಲಿ ನೀರಿಗಿಳಿಸಿದ್ದನು. ಮೊದಲ ಮಹಾಯುದ್ಧದಲ್ಲಿ ಇಟಲಿಯವರು ಮಾಡಿದ್ದೂ ಇದನ್ನೇ. ‘ಮಾಸ್’ ಎಂದು ಕರೆಯುತ್ತಿದ್ದ ಅವರ ಮೋಟಾರು ದೋಣಿಗಳನ್ನು ಟಾರ್ಪೆಡೊ ಹಡಗುಗಳು ಹಗ್ಗ ಕಟ್ಟಿ ಏಡ್ರಿಯಾಟಿಕ್ ಸಮುದ್ರದಲ್ಲಿ ಎಳೆದುಕೊಂಡು ಹೋಗುತ್ತಿದ್ದವು. ಹಾಗೆ ಹೋದ ಲುಯಿಜಿ ರಿಜ್ಜೊ 1918ರ ಜೂನ್ 10ರ ನಸುಕಿನಲ್ಲಿ ಆಸ್ಟ್ರಿಯ-ಹಂಗರಿಯ ‘ಸೆಂಟ್ ಇಸ್ತ್‌ವಾನ್’ ಎಂಬ ಮಹಾನೌಕೆಗೆ ಎರಡು ಟಾರ್ಪೆಡೊಗಳನ್ನು ಹೊಡೆದನು. ಎರಡೂವರೆ ಗಂಟೆಗಳಲ್ಲಿ ಅದು ಮಗುಚಿ ಮುಳುಗಿತು. ಪಕ್ಕದ ಹಡಗಿನಿಂದ ತೆಗೆದ ಚಲನಚಿತ್ರ ಇಂದಿಗೂ ಉಳಿದಿದೆ. ಮಗುಚಿದ ಹಡಗಿನ ಹೊಟ್ಟೆಯ ಮೇಲೆ ಮನುಷ್ಯರು ಇರುವೆಗಳಂತೆ ಓಡುತ್ತಿರುವುದನ್ನು ಅದರಲ್ಲಿ ಕಾಣಬಹುದು. ಅಂದು ಸತ್ತವರು 89 ಮಂದಿ. ಇದೇ ದೋಣಿಗಳ ಇನ್ನೊಂದು ಸಾಹಸದಲ್ಲಿ, ಅದೇ ವರ್ಷದ ಫೆಬ್ರವರಿಯಲ್ಲಿ, ಇಟಲಿಯ ಪ್ರಖ್ಯಾತ ಕವಿ ದನುನ್ಸಿಯೊ ತಾನೇ ಜೊತೆಗೂಡಿ ಹೋಗಿದ್ದನೆಂಬುದು ಸಾಹಿತ್ಯಾಸಕ್ತರಿಗೆ ಕುತೂಹಲದ ಸಂಗತಿಯಾದೀತು.

ಸಣ್ಣ ದೋಣಿಯ ಗುಣವೂ ದೋಷವೂ ಇಲ್ಲಿ ಒಟ್ಟಿಗೇ ಕಾಣುತ್ತವೆ. ಅದರ ಕುಟುಕು ದೊಡ್ಡದು, ಉಸಿರು ಗಿಡ್ಡ. ಇಂಧನ ಸ್ವಲ್ಪ, ಅಲೆ ಎದ್ದರೆ ಸಂಕಟ, ಕವಚವೆಂಬುದಿಲ್ಲ, ದೂರ ನೋಡುವ ಕಣ್ಣಿಲ್ಲ. ಯಾರೋ ಒಯ್ದು ಬಿಡಬೇಕು, ಯಾರೋ ದಾರಿ ತೋರಬೇಕು. ಎರಡನೆಯ ಮಹಾಯುದ್ಧದಲ್ಲಿ ಇದು ಮತ್ತೆ ಸಿದ್ಧವಾಯಿತು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ನಡುವೆ ಅಮೆರಿಕದ ಪಿ.ಟಿ. ದೋಣಿಗಳು ಕತ್ತಲೆಯಲ್ಲಿ ಹೊಂಚು ಹಾಕುತ್ತಿದ್ದವು. 1943ರ ಆಗಸ್ಟ್ 2ರಂದು ಜಪಾನಿನ ವಿಧ್ವಂಸಕ ನೌಕೆಯೊಂದು ಅಂಥ ಒಂದು ದೋಣಿಯನ್ನು ನಟ್ಟಿರುಳಿನಲ್ಲಿ ಢಿಕ್ಕಿ ಹೊಡೆದು ಸೀಳಿತು. ಈಜಿ ಬದುಕಿದವರಲ್ಲಿ ಅದರ ನಾಯಕ ಜಾನ್ ಕೆನೆಡಿಯೂ ಒಬ್ಬನಾಗಿದ್ದುದರಿಂದ ಆ ದೋಣಿಯ ಹೆಸರು ಉಳಿಯಿತು.

ಯುದ್ಧಾನಂತರ ಟಾರ್ಪೆಡೊವಿನ ಜಾಗಕ್ಕೆ ಕ್ಷಿಪಣಿ ಬಂದಿತು. ಸೋವಿಯತ್ ಒಕ್ಕೂಟಕ್ಕೆ ಅಮೆರಿಕದಂಥ ವಿಮಾನವಾಹಕ ನೌಕೆಗಳಿರಲಿಲ್ಲ; ಕಾಯಬೇಕಾದ ಕರಾವಳಿ ಮಾತ್ರ ಅಪಾರವಾಗಿತ್ತು. ಆದ್ದರಿಂದ ಅವರು ಸಣ್ಣ ದೋಣಿಗಳ ಬೆನ್ನಮೇಲೆ ನಾಲ್ವತ್ತು ಕಿಲೋಮೀಟರಿನಷ್ಟು ದೂರ ಹಾರಬಲ್ಲ ಕ್ಷಿಪಣಿಗಳನ್ನು ಇರಿಸಿದರು. ಪಾಶ್ಚಾತ್ಯರು ಈ ದೋಣಿಗಳಿಗೆ ರಷ್ಯನ್ ಭಾಷೆಯ ಪದಗಳನ್ನೇ ಆರಿಸಿ ಸಂಕೇತನಾಮಗಳನ್ನಿಟ್ಟರು. ಮೊದಲನೆಯದು ‘ಕೊಮಾರ್’, ಎಂದರೆ ಸೊಳ್ಳೆ. ಅದಕ್ಕಿಂತ ದೊಡ್ಡದು ‘ಓಸಾ’, ಎಂದರೆ ಕಣಜ. ಕಣಜವೆಂದರೆ ನಮ್ಮಲ್ಲಿ ಧಾನ್ಯ ತುಂಬಿಡುವ ಕಣಜವೂ ಉಂಟು, ಕುಟುಕುವ ಕಣಜವೂ ಉಂಟು. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು.

ಸೊಳ್ಳೆ ಮೊದಲು ಕಡಿಯಿತು. 1967ರ ಅಕ್ಟೋಬರ್ 21ರ ಸಂಜೆ, ಈಜಿಪ್ಟಿನ ಪೋರ್ಟ್ ಸೈದ್ ಬಂದರಿನೊಳಗಿಂದಲೇ ಕೊಮಾರ್ ದೋಣಿಗಳು ಹಾರಿಸಿದ ಕ್ಷಿಪಣಿಗಳು ಇಸ್ರೇಲಿನ ‘ಐಲಾತ್’ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು. 47 ನಾವಿಕರು ಸತ್ತರು. ಹಡಗಿನಿಂದ ಹಾರಿದ ಕ್ಷಿಪಣಿ ಹಡಗನ್ನು ಮುಳುಗಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಲೋಕದ ನೌಕಾಪಡೆಗಳೆಲ್ಲ ಈ ಸುದ್ದಿಯನ್ನು ಎಚ್ಚರದಿಂದ ಓದಿದವು. ನಮ್ಮದೂ ಓದಿತು.

ನಮ್ಮ ನೌಕಾಪಡೆಗೆ ಅಂದು ಒಂದು ಹಳೆಯ ನೋವಿತ್ತು. 1965ರ ಯುದ್ಧದಲ್ಲಿ ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಹಡಗುಗಳು ಬಂದು ದ್ವಾರಕೆಯ ಮೇಲೆ ಗುಂಡಿನ ಮಳೆಗರೆದು ಹಿಂದಿರುಗಿದ್ದವು. ಹಾನಿ ಅಲ್ಪವೇ, ಆದರೆ ತಿರುಗಿ ಹೊಡೆಯುವ ಅನುಮತಿ ನಮ್ಮ ಹಡಗುಗಳಿಗೆ ಸಿಗಲಿಲ್ಲ. ಆ ಮೇಲೆ ಸೋವಿಯತ್ ಒಕ್ಕೂಟದಿಂದ ಎಂಟು ಓಸಾ ದೋಣಿಗಳನ್ನು ಕೊಳ್ಳಲಾಯಿತು. ಬಂದರುಗಳನ್ನು ಕಾಯುವುದಕ್ಕೆಂದು ತರಿಸಿದ ದೋಣಿಗಳಿವು. ಒಂದೊಂದೂ ಮೂವತ್ತೆಂಟು ಮೀಟರಿಗೆ ತುಸು ಮೀರಿದ ಉದ್ದ, ಸುಮಾರು ಇನ್ನೂರು ಟನ್ ತೂಕ, ಮೂವತ್ತರ ಆಸುಪಾಸಿನ ಸಿಬ್ಬಂದಿ, ಗಂಟೆಗೆ ಎಪ್ಪತ್ತು ಕಿಲೋಮೀಟರಿನಷ್ಟು ವೇಗ, ನಾಲ್ಕು ಕ್ಷಿಪಣಿಗಳು. ಒಂದೊಂದು ಕ್ಷಿಪಣಿಯೂ ಎರಡು ಟನ್ನಿಗೆ ಮೀರಿದ ಭಾರ. 1971ರ ಮೊದಲ ತಿಂಗಳುಗಳಲ್ಲಿ ಅವು ಸರಕು ಹಡಗುಗಳ ಮೇಲೆ ಕಲ್ಕತ್ತೆಗೆ ಬಂದವು. ಅಷ್ಟು ಭಾರವನ್ನು ಎತ್ತಿ ಇಳಿಸುವ ಕ್ರೇನು ಬೊಂಬಾಯಿಯಲ್ಲಿರಲಿಲ್ಲ. ಕಲ್ಕತ್ತೆಯಿಂದ ಬೊಂಬಾಯಿಗೆ, ಪರ್ಯಾಯ ದ್ವೀಪವನ್ನೆಲ್ಲ ಸುತ್ತಿ, ದೊಡ್ಡ ಹಡಗುಗಳು ಅವನ್ನು ಹಗ್ಗ ಕಟ್ಟಿ ಎಳೆದು ತಂದವು.

ಈ ಎಳೆದಾಟದಿಂದಲೇ ಒಂದು ಯೋಚನೆ ಹೊಳೆಯಿತು. ಕಲ್ಕತ್ತೆಯಿಂದ ಬೊಂಬಾಯಿಗೆ ಎಳೆಯಬಹುದಾದರೆ ಬೊಂಬಾಯಿಯಿಂದ ಕರಾಚಿಯ ಕಡೆಗೇಕೆ ಎಳೆಯಬಾರದು? ಕಾವಲಿನ ನಾಯಿಯನ್ನು ಬೇಟೆಗೆ ಒಯ್ಯುವ ಯೋಚನೆ ಇದು. ಕರಾಚಿ ಪಾಕಿಸ್ತಾನದ ನೌಕಾಪಡೆಯ ಮನೆ. ಪಶ್ಚಿಮ ಪಾಕಿಸ್ತಾನದ ಕಡಲ ವ್ಯಾಪಾರವೆಲ್ಲ ಸಾಗುತ್ತಿದ್ದ ಹೆಬ್ಬಾಗಿಲು. ಕೆಮಾರಿಯ ತೈಲಾಗಾರಗಳು ಇದ್ದದ್ದೂ ಅಲ್ಲಿಯೇ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆಗ ನಮ್ಮ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಸ್. ಎಂ. ನಂದಾ ಬೆಳೆದದ್ದು ಕರಾಚಿಯಲ್ಲಿ, ಬಂದರಿನ ಬಾಯಿಯಲ್ಲೇ ಇರುವ ಮನೋರಾದಲ್ಲಿ. ನೌಕಾಪಡೆ ಸೇರುವ ಮೊದಲು ಅವರು ಕೆಲಸ ಮಾಡಿದ್ದೂ ಆ ಬಂದರಿನ ಆಡಳಿತದಲ್ಲೇ. ಸ್ವಾತಂತ್ರ್ಯಪೂರ್ವದಲ್ಲಿ ಫಿರಂಗಿ ವಿದ್ಯೆಯನ್ನು ಕಲಿಸುವ ನೌಕಾಶಾಲೆ ಇದ್ದುದೂ ಅಲ್ಲಿಯೇ. ಎರಡೂ ದೇಶಗಳ ಹಿರಿಯ ಅಧಿಕಾರಿಗಳು ಒಂದೇ ಪಡೆಯಲ್ಲಿ ಬೆಳೆದವರು. ಹೀಗಾಗಿ ಕರಾಚಿ ಅವರಿಗೆ ಭೂಪಟದ ಮೇಲಿನ ಬರಿಯ ಚುಕ್ಕೆಯಾಗಿರಲಿಲ್ಲ. ತಾವು ಬೆಳೆದ ಊರಿನ ಮೇಲೆ ದಾಳಿಗೆ ಆಜ್ಞೆ ಕೊಡಬೇಕಾಗಿ ಬಂದದ್ದು ದೇಶವಿಭಜನೆಯ ಅನೇಕ ವಿಧಿವಿಲಾಸಗಳಲ್ಲಿ ಒಂದು. ನಂದಾ ಅವರ ಆತ್ಮಕಥೆ 2004ರಲ್ಲಿ ಪ್ರಕಟವಾದಾಗ ಅದಕ್ಕೆ ಇಟ್ಟ ಹೆಸರು ‘ಕರಾಚಿಗೆ ಬಾಂಬು ಹಾಕಿದವನು’ ಎಂಬ ಅರ್ಥದ್ದೇ.

1971ರ ಡಿಸೆಂಬರ್ 3ರ ಸಂಜೆ ಯುದ್ಧ ಪ್ರಾರಂಭವಾಯಿತು. ಮರುದಿನ ರಾತ್ರಿ ‘ಟ್ರೈಡೆಂಟ್’ ಎಂಬ ಹೆಸರಿನ ಕಾರ್ಯಾಚರಣೆ, ಎಂದರೆ ತ್ರಿಶೂಲ. ಶೂಲದ ಮೂರು ಮೊನೆಗಳು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು. ಅವುಗಳ ಜೊತೆಗೆ ಕಿಲ್ತಾನ್ ಮತ್ತು ಕಚಾಲ್ ಎಂಬ ಎರಡು ದೊಡ್ಡ ಹಡಗುಗಳು. ಇಂಧನ ಪೂರೈಸಲು ಪೋಷಕ್ ಎಂಬ ತೈಲನೌಕೆ. ದೋಣಿಗಳ ದಳಪತಿ ಕಮಾಂಡರ್ ಬಬ್ರು ಭಾನ್ ಯಾದವ್. ಹೆಸರುಗಳ ಮೇಲೆ ಭಾಷೆಯ ಅಧ್ಯಾಪಕನಾದವನ ಕಣ್ಣು ಹೋಗದಿರದು. ನಿರ್ಘಾತವೆಂದರೆ ಸಿಡಿಲ ಹೊಡೆತ. ನಿಪಾತವೆಂದರೆ ಬೀಳುವುದು, ಎರಗುವುದು. ಆದರೆ ಯಾಸ್ಕನು ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದಾಗ, ‘ನಿಪಾತ’ ಎಂದದ್ದು ವಾಕ್ಯದಲ್ಲಿ ಅಲ್ಲಲ್ಲಿ ಬಂದು ಬೀಳುವ ಪುಟ್ಟ ಪದಗಳನ್ನು. ರೂಪದಲ್ಲಿ ಅವು ಚಿಕ್ಕವು. ಒಂದು ಬಂದು ಕೂತರೆ ವಾಕ್ಯದ ಅರ್ಥವೇ ತಿರುಗಿಬಿಡುತ್ತದೆ. ದೋಣಿಗೆ ಹೆಸರಿಟ್ಟವರು ವ್ಯಾಕರಣವನ್ನು ನೆನೆದಿರಲಾರರು. ಆದರೂ ಹೆಸರು ಎರಡು ಅರ್ಥದಲ್ಲೂ ಹೊಂದಿತು.

ಉಪಾಯವೆಲ್ಲ ಹಗಲು ಇರುಳಿನ ಲೆಕ್ಕದ ಮೇಲೆ ನಿಂತಿತ್ತು. ಪಾಕಿಸ್ತಾನದ ಯುದ್ಧವಿಮಾನಗಳು ರಾತ್ರಿಯಲ್ಲಿ ಕಡಲ ಮೇಲಿನ ಹಡಗನ್ನು ಹುಡುಕಿ ಹೊಡೆಯುವ ಸಾಮರ್ಥ್ಯ ಪಡೆದಿರಲಿಲ್ಲ. ಆದ್ದರಿಂದ ಹಗಲೆಲ್ಲ ಅವುಗಳ ಅಳವಿನಿಂದ ಆಚೆ ಇರಬೇಕು. ಕತ್ತಲಾದ ಮೇಲೆ ಬಂದರಿನ ಕಡೆಗೆ ಧಾವಿಸಬೇಕು. ಹೊಡೆದು, ಬೆಳಗಾಗುವಷ್ಟರಲ್ಲಿ ಮತ್ತೆ ದೂರ ಸರಿದಿರಬೇಕು. ದೋಣಿಗಳ ಸಿಬ್ಬಂದಿ ವ್ಲಾಡಿವೊಸ್ಟಾಕಿನಲ್ಲಿ ತರಬೇತಿ ಪಡೆದವರು. ಶತ್ರುವಿಗೆ ತಿಳಿಯದಿರಲೆಂದು ರೇಡಿಯೊದಲ್ಲಿ ಅವರು ರಷ್ಯನ್ ಭಾಷೆಯಲ್ಲೇ ಮಾತನಾಡಿಕೊಂಡರೆಂಬುದು ನೌಕಾಪಡೆಯಲ್ಲಿ ಇಂದಿಗೂ ಹೇಳುವ ಮಾತು.

ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ ನಿರ್ಘಾತ್ ತನ್ನ ಮೊದಲ ಕ್ಷಿಪಣಿಯನ್ನು ಹಾರಿಸಿತು. ಗುರಿ ‘ಖೈಬರ್’ ಎಂಬ ವಿಧ್ವಂಸಕ ನೌಕೆ. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಹಡಗು. 1965ರಲ್ಲಿ ದ್ವಾರಕೆಗೆ ಬಂದವುಗಳಲ್ಲಿ ಅದೂ ಒಂದು. ಆಕಾಶದಲ್ಲಿ ಹೊಳೆಯುತ್ತ ಬರುತ್ತಿದ್ದ ಬೆಳಕನ್ನು ಅದರ ನಾವಿಕರು ವಿಮಾನವೆಂದೇ ತಿಳಿದರು. ಶತ್ರುವಿಮಾನ ದಾಳಿ ಮಾಡಿದೆಯೆಂದು ಕರಾಚಿಗೆ ಸಂದೇಶವನ್ನೂ ಕಳುಹಿಸಿದರು. ಎರಡನೆಯ ಕ್ಷಿಪಣಿ ಬಡಿದ ಮೇಲೆ ಹಡಗು ಉಳಿಯಲಿಲ್ಲ. ಅದರೊಂದಿಗೆ ಇನ್ನೂರಕ್ಕೂ ಹೆಚ್ಚು ಜನ ಹೋದರು. ತಮ್ಮನ್ನು ಹೊಡೆದದ್ದು ದೋಣಿಯೆಂಬುದು ಅವರಲ್ಲಿ ಯಾರಿಗೂ ತಿಳಿದಿರಲಾರದು. ವೀರ್ ಹಾರಿಸಿದ ಕ್ಷಿಪಣಿಗೆ ‘ಮುಹಾಫಿಜ್’ ಎಂಬ ಚಿಕ್ಕ ಹಡಗು ಸಿಕ್ಕಿತು. ಕಡಲಿನಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಹಡಗು ಅದು. ಒಂದು ಸಂದೇಶ ಕಳಿಸಲೂ ಪುರಸೊತ್ತಿಲ್ಲದಂತೆ ಅದು ಛಿದ್ರವಾಯಿತು. ನಿಪಾತ್‌ನ ಪಾಲಿಗೆ ಬಂದದ್ದು ‘ವೀನಸ್ ಚಾಲೆಂಜರ್’ ಎಂಬ ಸರಕು ಹಡಗು ಮತ್ತು ‘ಷಾಜಹಾನ್’ ಎಂಬ ವಿಧ್ವಂಸಕ. ಮೊದಲನೆಯದು ಮುಳುಗಿತು, ಎರಡನೆಯದು ಜಖಂಗೊಂಡಿತು. ಬಳಿಕ ನಿಪಾತ್ ಇನ್ನಷ್ಟು ಮುಂದೆ ಹೋಗಿ ಕೆಮಾರಿಯ ತೈಲಾಗಾರಗಳ ಕಡೆಗೂ ಕ್ಷಿಪಣಿ ಹಾರಿಸಿತು. ದೋಣಿಗಳಲ್ಲಿ ಒಬ್ಬನಿಗೂ ಗಾಯವಾಗಲಿಲ್ಲ. ಡಿಸೆಂಬರ್ 4 ನೌಕಾಪಡೆಯ ದಿನವೆಂದು ಆಚರಿಸಲ್ಪಡುವುದು ಈ ರಾತ್ರಿಯ ನೆನಪಿಗೆ.

ನಾಲ್ಕು ದಿನಗಳ ಮೇಲೆ, 8ರ ರಾತ್ರಿ, ಇನ್ನೊಂದು ದಾಳಿ. ಈ ಸಲ ಹೋದದ್ದು ವಿನಾಶ್ ಎಂಬ ಒಂದೇ ದೋಣಿ, ತಲ್ವಾರ್ ಮತ್ತು ತ್ರಿಶೂಲ್ ಎಂಬ ಎರಡು ಫ್ರಿಗೇಟುಗಳ ನಡುವೆ. ಕಡಲು ಪ್ರಕ್ಷುಬ್ಧವಾಗಿತ್ತು. ವಿನಾಶ್ ತನ್ನ ನಾಲ್ಕು ಕ್ಷಿಪಣಿಗಳನ್ನೂ ಹಾರಿಸಿ ಹಿಂತಿರುಗಿತು. ತೈಲಾಗಾರಗಳು ಮತ್ತೆ ಹೊತ್ತಿಕೊಂಡವು. ನಮ್ಮ ವಾಯುಪಡೆಯೂ ಅದೇ ತೈಲಾಗಾರಗಳ ಮೇಲೆ ದಾಳಿ ಮಾಡಿದ್ದುದರಿಂದ, ಯಾವ ಬೆಂಕಿ ಯಾರದು ಎಂಬ ಚರ್ಚೆ ಬಹುಕಾಲ ನಡೆಯಿತು. ಉಳಿದ ಕ್ಷಿಪಣಿಗಳು ಬಡಿದದ್ದು ‘ಢಾಕಾ’ ಎಂಬ ಪಾಕಿಸ್ತಾನದ ತೈಲನೌಕೆಗೆ ಮತ್ತು ಪರದೇಶಗಳ ಎರಡು ವ್ಯಾಪಾರಿ ಹಡಗುಗಳಿಗೆ. ರೇಡಾರಿನ ಪರದೆಯ ಮೇಲೆ ಎಲ್ಲ ಹಡಗೂ ಒಂದೇ ಚುಕ್ಕೆ. ಅದು ಯಾವ ದೇಶದ್ದು, ಅದರಲ್ಲಿರುವುದು ಸೈನಿಕನೋ ಅಡುಗೆಯವನೋ ಎಂದು ಚುಕ್ಕೆ ಹೇಳುವುದಿಲ್ಲ.

ದಾಳಿಯ ಪರಿಣಾಮವನ್ನು ಮುಳುಗಿದ ಹಡಗುಗಳ ಲೆಕ್ಕದಿಂದ ಮಾತ್ರ ಅಳೆಯಬಾರದು. ಭಯ ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. ಡಿಸೆಂಬರ್ 6ರಂದು ಪಾಕಿಸ್ತಾನದ ವಿಮಾನಗಳು ತಮ್ಮದೇ ‘ಜುಲ್ಫಿಕರ್’ ಎಂಬ ಫ್ರಿಗೇಟನ್ನು ಭಾರತದ ಕ್ಷಿಪಣಿ ದೋಣಿಯೆಂದು ಭ್ರಮಿಸಿ ಗುಂಡು ಹಾರಿಸಿದವು. ಅವರ ಸಮರನೌಕೆಗಳು ಬಂದರಿನ ಆಸರೆಯನ್ನು ಬಿಟ್ಟು ಬರದಾದವು. ಕರಾಚಿಯ ದಾರಿಯಲ್ಲಿ ವ್ಯಾಪಾರಿ ಹಡಗುಗಳ ಸಂಚಾರ ನಿಂತಿತು. ಪೂರ್ವದಲ್ಲಿ ‘ವಿಕ್ರಾಂತ್’ ವಿಮಾನವಾಹಕ ನೌಕೆ ಬಂಗಾಳ ಕೊಲ್ಲಿಯನ್ನು ಮುಚ್ಚಿದಂತೆ, ಪಶ್ಚಿಮದಲ್ಲಿ ಈ ಪುಟ್ಟ ದೋಣಿಗಳು ಒಂದು ಮಹಾನಗರದ ಬಾಗಿಲನ್ನು ಮುಚ್ಚಿದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಬರಿಯ ವಿಜಯಗಾಥೆಯಾಗುತ್ತಿತ್ತು. ವಿನಾಶ್ ಹಿಂತಿರುಗಿದ ಮರುರಾತ್ರಿಯೇ, 9ರಂದು, ದಿಯು ದ್ವೀಪದ ಆಚೆ ‘ಹಂಗೋರ್’ ಎಂಬ ಪಾಕಿಸ್ತಾನದ ಜಲಾಂತರ್ಗಾಮಿ ನಮ್ಮ ‘ಖುಕ್ರಿ’ ಎಂಬ ಫ್ರಿಗೇಟನ್ನು ಟಾರ್ಪೆಡೊದಿಂದ ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಂದಿಗೆ ಹೋದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ತಮ್ಮ ಜೀವರಕ್ಷಕ ಅಂಗಿಯನ್ನು ಇನ್ನೊಬ್ಬರಿಗೆ ಕೊಟ್ಟು, ಹಡಗನ್ನು ಬಿಡದೆ ಅದರ ಜೊತೆಗೇ ಜಲಸಮಾಧಿ ಹೊಂದಿದರು. ಖೈಬರಿನಲ್ಲಿ ಇನ್ನೂರಕ್ಕೂ ಹೆಚ್ಚು, ಖುಕ್ರಿಯಲ್ಲಿ 194: ಐದು ದಿನಗಳ ಅಂತರದಲ್ಲಿ ಕಡಲು ಎರಡು ಕಡೆಯವರನ್ನೂ ಒಂದೇ ಬಗೆಯಾಗಿ ಬರಮಾಡಿಕೊಂಡಿತು. ಯಾದವರಿಗೂ ಮುಲ್ಲಾ ಅವರಿಗೂ ಮಹಾವೀರ ಚಕ್ರ ಸಂದಿತು, ಒಬ್ಬರಿಗೆ ಗೆದ್ದು ಬಂದುದಕ್ಕೆ, ಇನ್ನೊಬ್ಬರಿಗೆ ಬರದೆ ಉಳಿದುದಕ್ಕೆ.

ಕರಾಚಿಯ ರಾತ್ರಿಯಿಂದ ‘ಇನ್ನು ದೊಡ್ಡ ಹಡಗುಗಳ ಕಾಲ ಮುಗಿಯಿತು’ ಎಂದವರೂ ಇದ್ದರು. ಹಾಗಾಗಲಿಲ್ಲ. ಎರಡೇ ವರ್ಷಗಳಲ್ಲಿ, 1973ರ ಅಕ್ಟೋಬರಿನಲ್ಲಿ, ಲತಾಕಿಯಾ ಎಂಬ ಸಿರಿಯದ ಬಂದರಿನ ಎದುರು ಕ್ಷಿಪಣಿ ದೋಣಿಗಳ ನಡುವೆಯೇ ಕಾಳಗ ನಡೆಯಿತು. ಇಸ್ರೇಲಿನವರು ‘ಐಲಾತ್’ನ ಪಾಠವನ್ನು ಕಲಿತಿದ್ದರು. ಕ್ಷಿಪಣಿಯ ಕಣ್ಣನ್ನು ಕುರುಡುಗೊಳಿಸುವ ವಿದ್ಯುನ್ಮಾನ ಉಪಾಯಗಳಿಂದ ಸಿರಿಯದ ಕ್ಷಿಪಣಿಗಳನ್ನೆಲ್ಲ ದಾರಿ ತಪ್ಪಿಸಿ, ತಾವು ಒಂದು ದೋಣಿಯನ್ನೂ ಕಳೆದುಕೊಳ್ಳದೆ ಎದುರಾಳಿಯ ದೋಣಿಗಳನ್ನು ಮುಳುಗಿಸಿದರು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಕ್ಷಿಪಣಿ ದೋಣಿಗಳನ್ನು ಹೆಲಿಕಾಪ್ಟರುಗಳು ಒಂದೊಂದಾಗಿ ಹೆಕ್ಕಿದವು. ಮೇಲಿನಿಂದ ನೋಡುವ ಕಣ್ಣು ಬಂದಮೇಲೆ ಕಣಜಕ್ಕೆ ಅಡಗಲು ಕತ್ತಲೆಯೇ ಉಳಿಯಲಿಲ್ಲ. ಕರಾಚಿಯಲ್ಲಿ ಗೆದ್ದದ್ದು ಗಾತ್ರದ ಚಿಕ್ಕತನವಲ್ಲ. ಎಳೆಯುವ ಹಡಗು, ಇಂಧನ ಕೊಡುವ ಹಡಗು, ದೂರ ನೋಡುವ ರೇಡಾರು, ಶತ್ರುವಿಮಾನಗಳ ದೌರ್ಬಲ್ಯವನ್ನು ಅರಿತ ಯೋಜನೆ, ಇವೆಲ್ಲ ಒಂದು ರಾತ್ರಿಯ ಮಟ್ಟಿಗೆ ಕೂಡಿಬಂದವು. ಸಣ್ಣದರ ಪರಾಕ್ರಮದ ಹಿಂದೆ ಯಾವಾಗಲೂ ಕಾಣದ ದೊಡ್ಡ ಕೈಯೊಂದು ಇರುತ್ತದೆ. ಬಾಟೂಮಿನಿಂದ ಹಿಡಿದು ಈ ನಿಯಮ ಬದಲಾಗಿಲ್ಲ.

ಇಂಥ ದೋಣಿಯನ್ನು ಕಾಣಬಯಸುವವರು ನಮ್ಮ ಕಾರವಾರಕ್ಕೇ ಹೋಗಬಹುದು. ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರದಲ್ಲಿ ‘ಚಪಲ್’ ಎಂಬ ಓಸಾ ಜಾತಿಯ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ಇರಿಸಿದ್ದಾರೆ. 1971ರಲ್ಲಿ ಕರಾಚಿಗೆ ಹೋದದ್ದು ಇದೇ ಎಂದು ಹೇಳುವವರುಂಟು. ಅದು ಸರಿಯಲ್ಲ, ‘ಚಪಲ್’ ಯುದ್ಧಾನಂತರ, 1976ರಲ್ಲಿ, ಬಂದ ಎರಡನೆಯ ತಂಡಕ್ಕೆ ಸೇರಿದ್ದು. ಆದರೆ ರೂಪ ಅದೇ, ಕ್ಷಿಪಣಿಯ ಗೂಡುಗಳು ನಾಲ್ಕೇ. ಒಳಹೊಕ್ಕು ನೋಡಿದರೆ ಮೂವತ್ತು ಜನ ಎಷ್ಟು ಇಕ್ಕಟ್ಟಿನಲ್ಲಿ ಕಡಲಿನ ಮೇಲೆ ಇರುಳನ್ನು ಕಳೆದರೆಂಬುದು ತಿಳಿಯುತ್ತದೆ. ತರುಣ ಟಾಗೋರರು ಇದೇ ಕಾರವಾರದಲ್ಲಿದ್ದು ಬರೆದ ನಾಟಕದ ಹೆಸರು ‘ಪ್ರಕೃತಿಯ ಪ್ರತಿಶೋಧ’, ಎಂದರೆ ಪ್ರಕೃತಿಯ ಸೇಡು. ಕವಿಯ ತೀರದಲ್ಲಿ ಕಣಜ ಬಂದು ಕೂತಿರುವುದು ಆಕಸ್ಮಿಕವೇ ಇರಬಹುದು.

ಕೊನೆಯದಾಗಿ ಇಂದಿನ ಮಾತು. 2024ರ ಫೆಬ್ರವರಿ 1ರ ಮುಂಜಾವಿನ ಕತ್ತಲೆಯಲ್ಲಿ, ಕ್ರಿಮಿಯಾದ ಕರಾವಳಿಯಲ್ಲಿ, ರಷ್ಯದ ‘ಇವಾನೊವೆಟ್ಸ್’ ಎಂಬ ಕ್ಷಿಪಣಿ ನೌಕೆಯನ್ನು ಉಕ್ರೇನಿನ ದೋಣಿಗಳು ಸುತ್ತುವರಿದು ಮುಳುಗಿಸಿದವು. ‘ಇವಾನೊವೆಟ್ಸ್’ ಓಸಾ ದೋಣಿಗಳ ಮುಂದಿನ ಪೀಳಿಗೆಯದು. ಅದನ್ನು ಕೊಂದ ದೋಣಿಗಳಲ್ಲಿ ಮನುಷ್ಯರೇ ಇರಲಿಲ್ಲ. ದೂರದಲ್ಲೆಲ್ಲೋ ಕುಳಿತವರು ಪರದೆ ನೋಡುತ್ತ ಅವನ್ನು ನಡೆಸಿದರು. ಕಣಜವನ್ನು ಅದಕ್ಕಿಂತ ಚಿಕ್ಕದೊಂದು ಕಚ್ಚಿತು. ಅದೂ ಅದೇ ಕಪ್ಪುಸಮುದ್ರದಲ್ಲಿ, ಮೊದಲ ಟಾರ್ಪೆಡೊ ದೋಣಿ ಗೆದ್ದ ನೀರಿನಲ್ಲೇ.

ರಿಜ್ಜೊ ಆಗಲಿ ಯಾದವ್ ಆಗಲಿ, ದೊಡ್ಡದನ್ನು ಹೊಡೆಯಹೊರಟಾಗ ತಮ್ಮ ಪ್ರಾಣವನ್ನೂ ಆ ತೆಳ್ಳನೆಯ ದೋಣಿಯಲ್ಲಿ ಪಣವಾಗಿ ಇಟ್ಟೇ ಹೋಗಿದ್ದರು. ಸಣ್ಣ ದೋಣಿಯ ಶೌರ್ಯವೆಂದು ನಾವು ಇಷ್ಟು ದಿನ ಹೊಗಳಿದ್ದು ಈ ಪಣವನ್ನೇ. ಇನ್ನು ಮುಂದೆ ದೋಣಿ ಬರಿದಾಗಿ ಹೋಗುತ್ತದೆ. ಎದುರಿನ ಹಡಗಿನಲ್ಲಿ ಮಾತ್ರ ಮನುಷ್ಯರಿರುತ್ತಾರೆ, ಖೈಬರಿನಲ್ಲಿದ್ದಂತೆ, ಖುಕ್ರಿಯಲ್ಲಿದ್ದಂತೆ. ಅದನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ನಮ್ಮ ಭಾಷೆ ಇನ್ನೂ ನಿಶ್ಚಯಿಸಬೇಕಾಗಿದೆ.